ಒಂದ್ಬೆರಳಮ್ಮನ ಬಾರು

ಒಂದ್ಬೆರಳಮ್ಮ ಎಂಬ ಹೆಸರು ಕೇಳಿದ ಹೊಸಬರು ಮೊದಲು ಆಕೆಯ ಕೈ ನೋಡುತ್ತಿದ್ದರು. ಪಾಪ, ಮಿಕ್ಕ ಬೆರಳುಗಳು ಯಾವ ಯಂತ್ರಕ್ಕೆ ಸಿಕ್ಕಿ ಹೋದವೋ ಎಂದು. ಹತ್ತೂ ಬೆರಳು ನೆಟ್ಟಗಿರುವುದು ಕಂಡು ಪೆಚ್ಚಾಗುತ್ತಿದ್ದರು. "ಎಣಿಸಿ ಆಯ್ತಾ? ಬೇಕಾದ್ರೆ ಕಾಲಿಂದೂ ಎಣಿಸ್ಕೊಳ್ಳಿ" ಎಂದು ಆಕೆ ಕಾಲು ಮುಂದಕ್ಕೆ ಚಾಚುತ್ತಿದ್ದಳು. ಆಮೇಲೆ ಆ ಚರ್ಮದ ಚೀಲಗಳ ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು.

ಹೆಸರು ಬಂದದ್ದು ಬಾರಿನಿಂದ. ಬಾರು ಅಂದರೆ ಚರ್ಮವನ್ನು ದಾರದ ಹಾಗೆ ಸಣ್ಣಗೆ ಸೀಳಿದ ಪಟ್ಟಿ. ಚೀಲವೋ ಪರ್ಸೋ ಯಾವುದೇ ಇರಲಿ, ಎರಡು ಚರ್ಮಗಳ ಅಂಚು ಕೂಡಿಸಿ ಸಾಲಾಗಿ ತೂತು ಹೊಡೆಯುತ್ತಾರೆ. ಬಾರನ್ನು ಒಂದು ತೂತಿನಲ್ಲಿ ತೂರಿಸಿ, ಹಿಂದಿನ ಸುತ್ತಿನ ಕೆಳಗೆ ನುಸುಳಿಸಿ, ಎಳೆದು ಮುಂದಿನ ತೂತಿಗೆ ಹೋಗುತ್ತಾರೆ. ಹೀಗೆ ಹೋಗುತ್ತ ಹೋಗುತ್ತ ಅಂಚಿನ ಮೇಲೆ ಜಡೆಯಂಥ ಒಂದು ಹೆಣಿಗೆ ಎದ್ದು ಕೂರುತ್ತದೆ. ನೋಡಲು ಚೆಂದ, ಆದರೆ ಮಹಾ ಹೊಟ್ಟೆಬಾಕ ಹೆಣಿಗೆ ಅದು. ಒಂದು ಮೊಳದ ಅಂಚಿಗೆ ಏಳು ಮೊಳ ಬಾರು ನುಂಗುತ್ತದೆ. ಚರ್ಮ ದಪ್ಪವಿದ್ದರೆ ಇನ್ನಷ್ಟು, ಮೂಲೆಗಳಿದ್ದರೆ ಮತ್ತಷ್ಟು. ಬೇರೆ ಕೆಲಸಗಾರರು ನಡುವೆ ಬಾರು ಮುಗಿದರೆ ಇನ್ನೊಂದನ್ನು ಅಂಟಿಸಿಕೊಂಡು ಮುಂದೆ ಹೋಗುತ್ತಾರೆ. ಅದರಲ್ಲೇನೂ ತಪ್ಪಿಲ್ಲ. ಆದರೆ ಒಂದ್ಬೆರಳಮ್ಮ ನಲವತ್ತು ವರ್ಷದಲ್ಲಿ ಅಂಟಿನ ಡಬ್ಬಿ ಮುಟ್ಟಿದವಳಲ್ಲ. ಅಂಚನ್ನು ಒಮ್ಮೆ ಕಣ್ಣಲ್ಲೇ ಸವರಿ "ಹನ್ನೆರಡು ಮೊಳ, ಮೇಲೊಂದು ಗೇಣು" ಎಂದಳೋ, ಮುಗಿಯಿತು. ಕೊನೆಯ ತೂತು ದಾಟಿದಾಗ ಕೈಯಲ್ಲಿ ಉಳಿಯುತ್ತಿದ್ದದ್ದು ಒಂದು ಬೆರಳಗಲ ಬಾರು, ಅಷ್ಟೇ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಕೆಯ ಸೊಸೆಯೂ ಮೊದಲು ನಂಬಿರಲಿಲ್ಲ. ಅವಳ ತವರಿನಲ್ಲಿ ಎಲ್ಲರೂ ಮೇಷ್ಟ್ರುಗಳು. ಯಾವುದನ್ನೂ ಕಡ್ಡಿ ಇಟ್ಟು ಅಳೆಯದೆ ಒಪ್ಪುವ ಜನವಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಂದು ದಿನ ಕಸದ ಬುಟ್ಟಿಯಿಂದ ಅಂಗೈ ಚಾಚಿದಷ್ಟು ಅಗಲದ ಚರ್ಮದ ಚೂರು ಎತ್ತಿದಳು.

"ಇದ್ರಲ್ಲಿ ಏನಾಗುತ್ತೆ ಹೇಳು?"

"ಇದ್ರಲ್ಲಾ? ಕೀಲಿಕೈಗೆ ಕಟ್ಟೋಕೆ ಒಂದು ಪಟ್ಟಿಯಾದ್ರೆ ಹೆಚ್ಚು ಅತ್ತೆ."

ಅತ್ತೆ ಚೂರನ್ನು ದುಂಡಗೆ ಕತ್ತರಿಸಿದಳು. ಹಲಗೆಯಲ್ಲಿ ನೆಟ್ಟಗೆ ನಾಟಿದ್ದ ಅಲಗಿಗೆ ಅದರ ಅಂಚು ಕೊಟ್ಟು, ಎಳೆ ಬಿಡಿಸಿ, ತುದಿಯನ್ನು ಸೊಸೆಯ ಕೈಗೆ ಕೊಟ್ಟಳು. "ಹಿಡ್ಕೊಂಡು ನಡಿ. ನಿಲ್ಲು ಅನ್ನೋವರೆಗೂ ನಿಲ್ಬೇಡ." ಸೊಸೆ ನಡೆದಳು. ಚರ್ಮದ ಬಿಲ್ಲೆ ಅತ್ತೆಯ ಹೆಬ್ಬೆರಳ ಕೆಳಗೆ ಗಿರಗಿರ ತಿರುಗುತ್ತಿತ್ತು. ಬಾರು ಬರುತ್ತಿತ್ತು, ಬರುತ್ತಲೇ ಇತ್ತು. ಕೋಣೆ ದಾಟಿತು, ಹೊಸ್ತಿಲು ದಾಟಿತು, ಮೂರು ಮೆಟ್ಟಿಲಿಳಿಯಿತು. ಸೊಸೆ ಬೀದಿಗೆ ಬಂದಳು. ಎದುರಿನ ಸೈಕಲ್ ರಿಪೇರಿಯವನು ಕೈಯಲ್ಲಿ ಪಂಪು ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತ. ಅವನ ಅಂಗಡಿಯ ಬಾಗಿಲ ಹತ್ತಿರ ಬಂದಾಗ ಒಳಗಿನಿಂದ "ನಿಲ್ಲು" ಎಂಬ ಕೂಗು ಬಂತು. ಹಿಂತಿರುಗಿ ನೋಡಿದರೆ ಬೀದಿಯ ಅಡ್ಡಕ್ಕೆ ಒಂದೇ ಎಳೆ, ಎಲ್ಲೂ ಗಂಟಿಲ್ಲ, ಎಲ್ಲೂ ಕೂಡಿಸಿದ್ದಿಲ್ಲ. ಅಯ್ಯೋ, ಅಷ್ಟು ಸಣ್ಣ ಚೂರಿನಲ್ಲಿ ಇಷ್ಟೊಂದು ಅಡಗಿತ್ತೇ! ಅಂದಿನಿಂದ ಅವಳು ಆ ಅಂಗಡಿಯವಳಾದಳು.

ಏಳು ವರ್ಷ ಬಾರು ಸೀಳುವುದು, ನೆನೆಸಿ ಎಳೆದು ನೇರ ಮಾಡುವುದು, ಜೇನುಮೇಣ ಸವರುವುದು, ತೂತು ಹೊಡೆಯುವುದು, ಅತ್ತೆ ಹೇಳಿದಷ್ಟು ಅಳೆದು ಕೊಡುವುದು ಅವಳ ಪಾಲು. ಹೆಣಿಗೆ ಮಾತ್ರ ಅತ್ತೆಯದು. ಮನೆ ಹಿತ್ತಲಲ್ಲಿ ಸೊಸೆ ಹಳೆ ಚೂರುಗಳ ಮೇಲೆ ಕೈ ಪಳಗಿಸಿಕೊಂಡಿದ್ದಳು, ಆದರೆ ಗಿರಾಕಿಯ ಮಾಲು ಮುಟ್ಟಿರಲಿಲ್ಲ. ಕಿಟಕಿಯ ಕೆಳಗಿನ ಮಣೆ ಅತ್ತೆಯ ಜಾಗ. ಅಲ್ಲಿ ಬೇರೆಯವರು ಕೂರುವುದನ್ನು ಯಾರೂ ಯೋಚಿಸಿಯೂ ಇರಲಿಲ್ಲ.

ಏಳನೆಯ ವರ್ಷದಲ್ಲಿ ಒಂದು ಬೆಳಗ್ಗೆ, ಒಂದು ಕನ್ನಡಕದ ಚೀಲಕ್ಕೆ ಬಾರು ಸಾಲದೆ ಹೋಯಿತು.

ಮೂರು ತೂತು ಬಾಕಿ ಇದ್ದವು, ಬಾರು ಮುಗಿದಿತ್ತು. ಅತ್ತೆ ಆ ಮೂರು ತೂತುಗಳನ್ನೇ ದಿಟ್ಟಿಸುತ್ತ ಕೂತಳು. ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದಳು.

"ನಾನೇ ಅಳತೆ ತಪ್ಪಿದೆ ಅತ್ತೆ."

"ಹೂಂ. ಅಳೆಯೋವಾಗ ಮನಸ್ಸು ಎಲ್ಲಿತ್ತೋ ಏನೋ" ಎಂದು ಅತ್ತೆ ಎದ್ದಳು. "ಇರ್ಲಿ ಬಿಡು. ಸ್ವಲ್ಪ ಅಡ್ಡಾಗಿ ಬಂದು ನೋಡ್ತೀನಿ." ಕನ್ನಡಕದ ಚೀಲವನ್ನು ಹಿಡಿದುಕೊಂಡೇ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅಳತೆ ತಪ್ಪಿರಲಿಲ್ಲ. ಮೇಷ್ಟ್ರ ಮಗಳು ಎರಡೆರಡು ಸಲ ಅಳೆದಿದ್ದಳು. ತಪ್ಪಿದ್ದು ಎಲ್ಲಿ ಎಂದು ಅವಳಿಗೆ ಕೂತಲ್ಲೇ ಹೊಳೆಯಿತು, ಹೊಳೆಯಬಾರದಿತ್ತು ಅನ್ನಿಸಿತು. ಹೆಣಿಗೆಯ ಒಂದೊಂದು ಸುತ್ತೂ ಕೂದಲೆಳೆಯಷ್ಟು ಸಡಿಲವಾದರೆ ಬಾರು ಹೆಚ್ಚು ಹಿಡಿಯುತ್ತದೆ. ಅತ್ತೆಯ ಹೆಬ್ಬೆರಳ ಗಿಣ್ಣು ಊದಿಕೊಂಡು ತಿಂಗಳುಗಳಾಗಿದ್ದವು. ಕಣ್ಣು ಮೋಸ ಮಾಡಿರಲಿಲ್ಲ, ಕೈ ಕೈಕೊಟ್ಟಿತ್ತು.

ಮಧ್ಯಾಹ್ನ ಅತ್ತೆ ಹೊರಗೆ ಬಂದಾಗ ಕನ್ನಡಕದ ಚೀಲ ಮುಗಿದಿತ್ತು. ಅಂದರೆ? ಅಂಟು ಹಚ್ಚಿದಳೇ? ಒಂದ್ಬೆರಳಮ್ಮ ಬಾಗಿಲು ಹಾಕಿಕೊಂಡು ಕದ್ದು ಬಾರಿಗೆ ಬಾರು ಅಂಟಿಸಿದಳೇ? ಸೊಸೆಗೆ ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. ಕಣ್ಣು ಬೇರೆ ಕಡೆ ಮಾಡಿ ಕಾಗದದಲ್ಲಿ ಸುತ್ತಿಟ್ಟಳು.

ಸಡಿಲ ಮಾಲು ನಮ್ಮ ಬಾಗಿಲು ದಾಟಬಾರದು ಎಂಬುದು ಅತ್ತೆಯ ಮಾತು. ತನ್ನ ಕೈ ಸಡಿಲವಾಗಿದೆ ಎಂದು ಗೊತ್ತಾದ ದಿನ ಆ ಮಣೆಯಿಂದ ಎದ್ದೇಬಿಡುತ್ತಾಳೆ, ಆಮೇಲೆ ಯಾರು ಕಾಲಿಗೆ ಬಿದ್ದರೂ ಕೂರುವುದಿಲ್ಲ. ಮಣೆ ಬಿಟ್ಟ ಅತ್ತೆ ಹೇಗಿರುತ್ತಾಳೆ? ಸೊಸೆಗೆ ಅದನ್ನು ನೆನೆಸಿಕೊಳ್ಳಲು ಆಗಲಿಲ್ಲ. ಮುಂದಿನ ಪರ್ಸಿಗೆ ಅತ್ತೆ "ಒಂಬತ್ತು ಮೊಳ" ಎಂದಾಗ ಅವಳು ಒಂಬತ್ತು ಮೊಳ ಮತ್ತು ನಾಲ್ಕು ಬೆರಳು ಕತ್ತರಿಸಿದಳು. ಕೊನೆಯಲ್ಲಿ ಬೆರಳಗಲ ಉಳಿಯಿತು. ಅತ್ತೆಯ ಮುಖ ಅರಳಿತು. "ನೋಡಿದ್ಯಾ? ಇವತ್ತು ನಿನ್ನ ಮನಸ್ಸು ಜಾಗದಲ್ಲಿತ್ತು."

ಹೀಗೆ ಶುರುವಾದ ಕಳ್ಳತನ ನಿಲ್ಲಲಿಲ್ಲ. ನಾಲ್ಕು ಬೆರಳು ಗೇಣಾಯಿತು, ಗೇಣು ಅರ್ಧ ಮೊಳವಾಯಿತು, ಅರ್ಧ ಮೊಳ ಒಂದಾಯಿತು. ಹೆಣಿಗೆ ಅಷ್ಟನ್ನೂ ನುಂಗುತ್ತಿತ್ತು. ಕೊನೆಯ ತೂತು ದಾಟಿದ ಮೇಲೆ ಅತ್ತೆ "ತುದಿ ಆಮೇಲೆ ಅಡಗಿಸ್ತೀನಿ, ಸ್ವಲ್ಪ ಅಡ್ಡಾಗ್ತೀನಿ" ಎಂದು ಮಾಲಿನ ಸಮೇತ ಒಳಗೆ ಹೋಗುವುದು ರೂಢಿಯಾಯಿತು. ವಯಸ್ಸಾಯಿತಲ್ಲ, ದಣಿವು ಎಂದುಕೊಂಡಳು ಸೊಸೆ. ಎದ್ದು ಬಂದ ಮೇಲೆ ಹಲಗೆಯ ಮೇಲೆ ಎಂದಿನಂತೆ ಬೆರಳಗಲದ ಚೂರು. ಸೊಸೆ ಮಾಲು ಮುಟ್ಟಿ ನೋಡದೆ ಕಟ್ಟಿಡುತ್ತಿದ್ದಳು. ಗಂಡ ಅದನ್ನು ಗಿರಾಕಿಗಳಿಗೆ ಮುಟ್ಟಿಸಿ ಬರುತ್ತಿದ್ದ. ಯಾರಾದರೂ ಸಡಿಲವೆಂದು ವಾಪಸು ತಂದಾರು ಎಂದು ಅವಳು ದಿನವೂ ಬಾಗಿಲು ನೋಡುತ್ತಿದ್ದಳು.

ವಾಪಸು ಬಂದದ್ದು ಇಪ್ಪತ್ತೆರಡು ವರ್ಷ ಹಳೆಯ ಚೀಲ. ತಂದವಳು ಹೆರಿಗೆ ಮಾಡಿಸುವ ನರ್ಸಮ್ಮ.

"ಚರ್ಮ ಸವೆದು ಹೋಗಿದೆ ಕಣಮ್ಮ, ಇನ್ನು ತಡೆಯಲ್ಲ. ಇಂಥದ್ದೇ ಹೊಸದು ಬೇಕು. ಕತ್ತರಿ ಇಡೋಕೆ ಒಂದು ಸಣ್ಣ ಚೀಲಾನೂ ಬೇಕು. ನದೀಲಿ ಬಿದ್ದಿದೆ ಇದು, ಗಾಡಿ ಕೆಳಗೆ ಸಿಕ್ಕಿದೆ. ಹೆಣಿಗೆ ಮಾತ್ರ ಒಂದು ಸುತ್ತು ಅಲುಗಿಲ್ಲ ನೋಡಿ. ಅದೇ ಕೈ ಬೇಕು."

ಸೊಸೆ ಹಳೆಯ ಚೀಲದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಉಗುರು ತೂರಿಸಲು ಎಲ್ಲೂ ಸಂದಿಲ್ಲ. ಈ ಚೀಲ ಮಳೆಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಯಾರ್ಯಾರ ಮನೆಗೋ ಓಡಬೇಕು. ದಾರಿಯಲ್ಲಿ ಅಂಚು ಬಿಚ್ಚಿಕೊಂಡರೆ? ಪರ್ಸು ಸಡಿಲವಾದರೆ ಯಾರೂ ಸಾಯುವುದಿಲ್ಲ. ಇದು ಹಾಗಲ್ಲ. ಹೇಳಿಬಿಡಬೇಕು ಎಂದು ಎರಡು ದಿನ ನಿಶ್ಚಯ ಮಾಡಿದಳು. ಮಾತು ನಾಲಿಗೆಯ ತುದಿಗೆ ಬಂದು ಬಂದು ವಾಪಸು ಹೋಯಿತು. ಮೂರನೆಯ ದಿನ ಅತ್ತೆ ಅಂಚು ನೋಡಿ "ಹದಿನೈದು ಮೊಳ" ಎಂದಳು. ಸೊಸೆ ತುಟಿ ಪಿಟಕ್ಕೆನ್ನದೆ ಹದಿನಾರೂವರೆ ಕತ್ತರಿಸಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅತ್ತೆ ನಾಲ್ಕು ದಿನ ಹೆಣೆದಳು. ಐದನೆಯ ದಿನ ಕೊನೆಯ ತೂತು ದಾಟಿ, ಚೀಲ ಎತ್ತಿಕೊಂಡು ಒಳಗೆ ಹೋದವಳು ಸಂಜೆಯಾದರೂ ಬರಲಿಲ್ಲ. ಬಂದಾಗ ತುಟಿ ಬಿಗಿಹಿಡಿದಿದ್ದಳು. ಚೀಲವನ್ನು ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ಬೆರಳಗಲದ ಚೂರನ್ನಿಟ್ಟು, ನೀರು ಕುಡಿಯಲು ಹೋದಳು.

ಈ ಸಲ ಸೊಸೆ ನೋಡದಿರಲು ಆಗಲಿಲ್ಲ. ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳಿಟ್ಟಳು.

ಬಿಗಿ! ಹಳೆಯ ಚೀಲದಷ್ಟೇ ಬಿಗಿ. ಇನ್ನೊಮ್ಮೆ ಓಡಿಸಿದಳು, ಉಗುರು ಹಾಕಿ ಕೆದಕಿದಳು, ಒಂದು ಸುತ್ತೂ ಮಿಸುಕಲಿಲ್ಲ. ಖುಷಿಯಾಗಬೇಕಿತ್ತು. ಆದರೆ ಮೇಷ್ಟ್ರ ಮಗಳ ತಲೆ ಸುಮ್ಮನಿರುತ್ತದೆಯೇ? ಹೆಣಿಗೆ ಬಿಗಿ ಇದ್ದರೆ ಹದಿನೈದು ಮೊಳ ಸಾಕು. ತಾನು ಕೊಟ್ಟದ್ದು ಹದಿನಾರೂವರೆ. ಉಳಿದದ್ದು ಬೆರಳಗಲ. ಹಾಗಾದರೆ ಒಂದೂವರೆ ಮೊಳ ಬಾರು ಎಲ್ಲಿ ಹೋಯಿತು?

"ಅತ್ತೆ..."

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಸೊಸೆಯ ಹೆಬ್ಬೆರಳು ಚೀಲದ ಮೇಲಿರುವುದನ್ನು ನೋಡಿದಳು. "ಅಂತೂ ಮುಟ್ಟಿ ನೋಡಿದೆಯಲ್ಲ ತಾಯಿ. ಎಷ್ಟು ತಿಂಗಳು ಕಾಯಿಸಿದೆ" ಎಂದು ಒಳಗಿಂದ ಒಂದು ಬಿಸ್ಕೆಟ್ ಡಬ್ಬಿ ತಂದು ಮುಚ್ಚಳ ತೆಗೆದಳು.

ಡಬ್ಬಿಯ ತುಂಬ ಬಾರಿನ ಸುರುಳಿಗಳು. ಒಂದೊಂದನ್ನೂ ದಾರದಿಂದ ಕಟ್ಟಿತ್ತು. ಮೊದಲನೆಯದು ನಾಲ್ಕು ಬೆರಳು. ಆಮೇಲಿನದು ಗೇಣು. ಅರ್ಧ ಮೊಳ. ಮುಕ್ಕಾಲು. ತಾನು ಕದ್ದು ಸೇರಿಸಿದ್ದೆಲ್ಲ ಒಂದೂ ತಪ್ಪದೆ, ಸೇರಿಸಿದ ಕ್ರಮದಲ್ಲೇ ಅಲ್ಲಿತ್ತು. ಮೇಲುಗಡೆ ಇನ್ನೂ ಮೇಣದ ವಾಸನೆಯಿದ್ದ ಒಂದೂವರೆ ಮೊಳ. ಪ್ರತಿಯೊಂದರ ತುದಿಯಲ್ಲೂ ಸಣ್ಣ ಸಣ್ಣ ಗುಳಿಗಳಿದ್ದವು.

"ಇದೇನು ಅತ್ತೆ, ಈ ಗುರುತು?"

"ಹಲ್ಲು" ಎಂದಳು ಅತ್ತೆ. "ಬೆರಳಲ್ಲಿ ಹಿಡಿತ ಇಲ್ಲ. ಹೆಣೆದ ಮೇಲೆ ಮೊದಲನೇ ತೂತಿಂದ ಮತ್ತೆ ಬರ್ತೀನಿ. ಮೊಂಡು ದಬ್ಬಳ ಹಾಕಿ ಒಂದೊಂದು ಸುತ್ತೂ ಎತ್ತಿ, ಬಾರನ್ನ ಹಲ್ಲಲ್ಲಿ ಕಚ್ಚಿ ಎಳೀತೀನಿ. ಸಡಿಲ ಎಲ್ಲಾ ಕೊನೇ ತೂತಿಂದ ಆಚೆ ಬರುತ್ತೆ. ಆ ಕನ್ನಡಕದ ಚೀಲದಲ್ಲೂ ಅಷ್ಟೇ, ಎಳೆದ್ಮೇಲೆ ಮೂರು ತೂತಿಗೂ ಸಾಕಾಗಿ ಬೆರಳಗಲ ಉಳೀತು."

ಅಂದರೆ ಅಂಟು ಹಚ್ಚಿರಲಿಲ್ಲ. ಒಂದೇ ಒಂದು ಸಡಿಲ ಮಾಲು ಬಾಗಿಲು ದಾಟಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡ ಅಷ್ಟೂ ಮಧ್ಯಾಹ್ನ ಈ ಮುದುಕಿ ಒಂದೊಂದು ಹೆಣಿಗೆಯನ್ನೂ ಎರಡೆರಡು ಸಲ ಮಾಡಿದ್ದಳು. ನೂರಾರು ತೂತು, ಒಂದೊಂದಕ್ಕೂ ಹಲ್ಲು ಕಚ್ಚಿ. ಸೊಸೆ ಆ ಕೈಗಳನ್ನೂ ಆ ಬಾಯನ್ನೂ ನೋಡುತ್ತ ನಿಂತಳು. ಎಂಥ ಹೆಂಗಸಪ್ಪಾ ಇವಳು!

"ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಕೊನೆಗೆ, ಅಳುತ್ತ.

"ನೀನು ಹೇಳಿದ್ಯಾ?" ಅತ್ತೆ ನಕ್ಕಳು. ನಕ್ಕಾಗ ಮುಂದಿನ ಒಂದು ಹಲ್ಲು ಇರಲಿಲ್ಲ. "ಅಷ್ಟು ಪ್ರೀತಿಯಿಂದ ಕದ್ದು ಕೊಡ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಭಯಾನೂ ಇತ್ತು ಕಣೇ. ಮಣೆ ಬಿಟ್ಟು ಎಲ್ಲಿ ಕೂರ್ಲಿ ನಾನು? ಆದ್ರೆ ಇವತ್ತು ಈ ಚೀಲಕ್ಕೆ ಒಂದು ಹಲ್ಲು ಕೊಟ್ಟೆ. ಮಿಕ್ಕಿದ್ದು ಊಟಕ್ಕೆ ಬೇಕು."

ಆಕೆ ಕಿಟಕಿಯ ಕೆಳಗಿನ ಮಣೆಯನ್ನು ಸೊಸೆಯ ಕಡೆಗೆ ಕಾಲಿನಿಂದ ತಳ್ಳಿದಳು. ತಾನು ಅಲಗಿನ ಹಲಗೆಯ ಮುಂದೆ ಹೋಗಿ ಕೂತಳು. "ಬಾ ಇಲ್ಲಿ. ಕತ್ತರಿ ಚೀಲ ನಿಂದು. ನಾಳೆ ನರ್ಸಮ್ಮ ಬರ್ತಾರೆ."

ಕತ್ತರಿ ಚೀಲದ ಅಂಚಿಗೆ ಅತ್ತೆಯ ಕೈಯಲ್ಲಿ ಒಂಬತ್ತು ಮೊಳ ಹಿಡಿಯುತ್ತದೆ, ಅದು ಸೊಸೆಗೆ ಗೊತ್ತಿತ್ತು. ಅತ್ತೆ ಅಂಚು ನೋಡಿದಳು. ಆಮೇಲೆ ಸೊಸೆಯ ಕೈ ನೋಡಿದಳು. "ಎಂಟೂವರೆ" ಎಂದಳು.

"ಅತ್ತೆ, ನಾನು ಹೊಸಬಳು, ನಂಗೆ ಹೆಚ್ಚೇ ಬೇಕಲ್ವಾ? ಸಾಲ್ದೇ ಹೋದ್ರೆ?"

"ಎಂಟೂವರೆ" ಎಂದಳು ಮತ್ತೆ, ಕತ್ತರಿಸಿಯೂ ಬಿಟ್ಟಳು.

ಮಾರನೆಯ ಬೆಳಗ್ಗೆ ಸೊಸೆ ಉಸಿರು ಬಿಗಿಹಿಡಿದು ಹೆಣೆದಳು. ಅರ್ಧ ದಾರಿಯಲ್ಲಿ ಬಾರು ತೀರಾ ಚಿಕ್ಕದಾಗಿ ಕಂಡಿತು. ಮೂಲೆ ತಿರುಗುವಾಗ ಬಾರು ಇನ್ನಷ್ಟು ಹಿಡಿಯಿತು. ಬಾರು ಸಾಲದಿದ್ದರೆ ನಲವತ್ತು ವರ್ಷದ ಹೆಸರು ತನ್ನ ಕೈಯಲ್ಲಿ ಮುಗಿಯುತ್ತದೆ. ಹತ್ತು ತೂತು, ಐದು, ಎರಡು. ಅತ್ತೆ ಇತ್ತ ತಿರುಗಿಯೂ ನೋಡದೆ ಬಾರಿಗೆ ಮೇಣ ಸವರುತ್ತಿದ್ದಳು. ಕೊನೆಯ ತೂತು ದಾಟಿತು. ತುದಿ ಅಡಗಿಸಿ ಕತ್ತರಿಸಿದಾಗ ಹಲಗೆಯ ಮೇಲೆ ಬಿದ್ದ ಚೂರಿನ ಪಕ್ಕ ಸೊಸೆ ತನ್ನ ಬೆರಳಿಟ್ಟು ನೋಡಿದಳು.

ಒಂದು ಬೆರಳಗಲ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?" ಅವಳು ಚೂರಿನ ಪಕ್ಕದಿಂದ ಬೆರಳು ತೆಗೆಯದೆ ಕೇಳಿದಳು. "ನಾನು ಹೆಣೆದಿದ್ದನ್ನ ನೀವು ಒಂದು ದಿನವೂ ನೋಡಿಲ್ಲ."

"ಏಳು ವರ್ಷದಿಂದ ನೀನು ಹಿಂಡಿ ಹಾಕಿದ ಬಟ್ಟೆ ಮಡಚ್ತಾ ಇದೀನಿ. ನಿನ್ನ ಕೈ ಬಿಗಿ ನಂಗೆ ಗೊತ್ತಿಲ್ವಾ? ನನ್ನ ಕೈ ಒಳ್ಳೇ ಕಾಲದಲ್ಲೂ ಅಷ್ಟು ಬಿಗಿ ಇರ್ಲಿಲ್ಲ ಕಣೇ."

ಹೊರಗೆ ನರ್ಸಮ್ಮನ ಗಾಡಿ ನಿಂತ ಸದ್ದಾಯಿತು. ಸೊಸೆ ಆ ಚೂರನ್ನು ಜೋಪಾನವಾಗಿ ಎತ್ತಿ, ಬಿಸ್ಕೆಟ್ ಡಬ್ಬಿಯ ಮುಚ್ಚಳ ತೆಗೆಯಲು ಹೋದಳು.

"ಅದನ್ನೇನು ಎತ್ತಿಡ್ತೀಯ, ಬಿಸಾಕು" ಎಂದಳು ಅತ್ತೆ, ಮೇಣದಿಂದ ತಲೆಯೆತ್ತದೆ. "ಇನ್ಮೇಲೆ ದಿನಾ ಉಳಿಯೋದೇ ತಾನೆ."