‘ಉಳೀತಾರೆ’ ಎಂದವಳು ನಾನು

ನನ್ನದು ಸುಮ್ಮನಿರುವ ಬಾಯಲ್ಲ. ಮನೆಯಲ್ಲಿ ನನ್ನ ಗಂಡ, ಸ್ಕೂಲಿನಲ್ಲಿ ಹೆಡ್‌ಮಾಸ್ಟರು, ಚರ್ಚಿನಲ್ಲಿ ಫಾದರ್, ಮೂವರೂ ಅವರವರ ಮಾತಿನಲ್ಲಿ ಇದನ್ನು ಹೇಳಿದ್ದಾರೆ. ಎಲುಬಿಲ್ಲದ ನಾಲಿಗೆಯಿಂದಾದ ಸಣ್ಣಪುಟ್ಟ ಜಗಳಗಳನ್ನೆಲ್ಲ ನಾನು ಮರೆತುಬಿಟ್ಟಿದ್ದೇನೆ. ಇದೊಂದನ್ನು ಮರೆಯಲು ಆಗಿಲ್ಲ.

ಹಾಸನದಲ್ಲಿ ನಮ್ಮ ಚರ್ಚಿಗೆ ಸೇರಿದ ಐದಾರು ಹೆಂಗಸರು ಭಾನುವಾರದ ಪೂಜೆ ಮುಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋಗುತ್ತೇವೆ. ಫ್ಲಾಸ್ಕಿನಲ್ಲಿ ರಾಗಿ ಗಂಜಿ, ಚೀಲದಲ್ಲಿ ಬನ್ನು, ಬಾಳೆಹಣ್ಣು. ನೋಡಿಕೊಳ್ಳಲು ಯಾರೂ ಇಲ್ಲದವರಿಗೆ ಗಂಜಿ ಕುಡಿಸಿ, ತಲೆ ಬಾಚಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಬರುವುದು. ಯಾರ ಜಾತಿ ಧರ್ಮವನ್ನೂ ಕೇಳಬಾರದು, ಅವರಾಗಿ ಕೇಳದೆ ಪ್ರಾರ್ಥನೆ ಮಾಡಬಾರದು ಎಂದು ಫಾದರ್ ಮೊದಲೇ ಹೇಳಿದ್ದರು. ಆಮೇಲೆ ನನ್ನ ಕಡೆಗೇ ತಿರುಗಿ, “ಗುಣ ಆಗುತ್ತೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ಅದು ನಮ್ಮ ಕೈಲಿಲ್ಲ” ಎಂದಿದ್ದರು. ಅದನ್ನೂ ಹೇಳಬಾರದು ಎಂದರೆ ರೋಗಿಯ ಹತ್ತಿರ ಕೂತು ಹವಾಮಾನ ಮಾತಾಡಬೇಕಾ ಎಂದು ನಾನು ಒಳಗೊಳಗೇ ಗೊಣಗಿಕೊಂಡಿದ್ದೆ.

ಆ ಭಾನುವಾರ ಬೆಳಗ್ಗೆ ಚರ್ಚಿನ ಮಕ್ಕಳಿಗೆ ಕರುಣೆಯ ಕಾರ್ಯಗಳನ್ನು ಬಾಯಿಪಾಠ ಮಾಡಿಸಿದ್ದೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ನೆಲೆಯಿಲ್ಲದವರಿಗೆ ಆಸರೆ, ರೋಗಿಗಳ ಭೇಟಿ, ಸತ್ತವರಿಗೆ ಮಣ್ಣು. ತಪ್ಪು ಹೇಳಿದ ಹುಡುಗಿಯೊಬ್ಬಳಿಗೆ ಗದರಿ ಎರಡು ಸಲ ಹೇಳಿಸಿದ್ದೆ. ಅದೇ ಹುರುಪಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ.

ಗಂಡಸರ ವಾರ್ಡಿನ ಕೊನೆಯ ಮಂಚದ ಮೇಲೆ ಹೊಳೆನರಸೀಪುರದ ಕಡೆಯ ಹಳ್ಳಿಯವನೊಬ್ಬ ಮಲಗಿದ್ದ. ನಲವತ್ತೈದರ ಆಸುಪಾಸು. ಗಾರೆ ಕೆಲಸದವನು. ಲಿವರ್ ಪೂರ್ತಿ ಹೋಗಿ ಹೊಟ್ಟೆ ಊದಿಕೊಂಡಿತ್ತು, ಕಣ್ಣು ಅರಿಶಿನವಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ, ಕಾಲ ಬಳಿ ಅವನ ತಮ್ಮ. ತಮ್ಮ ಆಗಲೇ ಚೊಂಬು, ಬಟ್ಟೆ, ಹೊದಿಕೆಯನ್ನೆಲ್ಲ ಚೀಲಕ್ಕೆ ತುಂಬಿದ್ದ.

“ಡಾಕ್ಟ್ರು ಮನೇಗ್ ಕರ್ಕೊಂಡೋಗಿ ಅಂದವ್ರೆ. ಗಾಡಿ ಯೋಳಿವ್ನಿ. ಅತ್ಗೆ ಏಳಾಕಿಲ್ಲ ಅಂತಾವ್ಳೆ. ನೀವಾರಾ ಯೋಳಿ ಮೇಡಂ” ಎಂದ.

ಮಂಚದ ಮೇಲಿದ್ದವನು ನನ್ನ ಕಡೆ ತಿರುಗಿದ. ಮೂವತ್ತು ವರ್ಷ ಊರವರ ಮನೆ ಕಟ್ಟಿದವನು ಈಗ ತನಗೊಂದು ಮನೆ ಕಟ್ಟಿಕೊಂಡಿದ್ದನಂತೆ. ಭಾನುವಾರ ಬಿಡುವಾದಾಗ ಬಂದು ಬಂದು ಕಟ್ಟಿದ್ದು. ಒಕ್ಕಲಾಗಿ ಮೂರು ತಿಂಗಳೂ ಆಗಿರಲಿಲ್ಲ. “ನಾನ್ ಕಟ್ಟಿದ್ ಗ್ವಾಡೆ ನೋಡ್ಕಂಡು ಮಲಿಕ್ಕತೀನಿ ಮೇಡಂ. ಅಷ್ಟೇಯ. ಯೋಳಿ ಇವ್ಳಿಗೆ” ಎಂದ.

ಹೆಂಡತಿ ನನ್ನ ಕೈ ಹಿಡಿದು ವಾರ್ಡಿನ ಬಾಗಿಲಿನಾಚೆ ಎಳೆದುಕೊಂಡು ಬಂದಳು. ಅವಳ ಅಂಗೈ ಒರಟಾಗಿತ್ತು. ಗಂಡನ ಜೊತೆ ಅವಳೂ ಬಾಂಡ್ಲಿ ಹೊತ್ತವಳು. “ಇಲ್ಲಿಂದ ಎತ್ಕೊಂಡೋದ್ರೆ ನಾನೇ ಕೊಂದಂಗಾಯ್ತದೆ ಕಣಮ್ಮ. ನೀವು ದೇವ್ರ ಕೆಲ್ಸ ಮಾಡೋರು. ನೀವೇ ಯೋಳಿ. ಉಳೀತಾರಾ?”

ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಹೇಳಿದೆ. “ಉಳೀತಾರೆ. ನಾನು ಪ್ರಾರ್ಥನೆ ಮಾಡ್ತೀನಿ. ಇಲ್ಲೇ ಇರ್ಲಿ.”

ಅವಳು ಒಳಗೆ ಹೋಗಿ ಚೀಲವನ್ನು ಬಿಚ್ಚಿ ಚೊಂಬನ್ನು ಮತ್ತೆ ಮಂಚದ ಕೆಳಗಿಟ್ಟಳು. ಗಂಡ ಕಣ್ಣು ಮುಚ್ಚಿಕೊಂಡ. ಮೈದುನ ಮಾತ್ರ ಮೆಟ್ಟಿಲ ತನಕ ನನ್ನ ಹಿಂದೆ ಬಂದ.

“ನಿಮಗ್ ಗೊತ್ತಿಲ್ಲ ಮೇಡಂ. ಉಸ್ರು ಇರೋವಾಗ್ಲೇ ಒತ್ಕೊಂಡೋಗ್ಬೇಕು. ಊರಾಚೆ ಸತ್ರೆ ನಮ್ಮೂರಲ್ಲಿ ಎಣ ಒಳಕ್ಕೆ ಬುಡಾಕಿಲ್ಲ. ಮನೆ ಬಾಗ್ಲಿಗೂ ತರಂಗಿಲ್ಲ. ಸೀದಾ ಮಣ್ಗೇಯ.”

ಆಗಲಾದರೂ ನಾನು ತಿರುಗಿ ಒಳಗೆ ಹೋಗಬಹುದಿತ್ತು. ಆದರೆ ಐದು ನಿಮಿಷದ ಹಿಂದೆ ದೇವರ ಹೆಸರಿನಲ್ಲಿ ಧೈರ್ಯ ಹೇಳಿದವಳು ಈಗ ಯಾವ ಮುಖ ಇಟ್ಟುಕೊಂಡು ಮಾತು ಬದಲಿಸಲಿ? “ದೇವ್ರಿದ್ದಾನೆ” ಎಂದು ಹೇಳಿ ಇಳಿದು ಬಂದೆ. ಆ ರಾತ್ರಿ ಪ್ರಾರ್ಥನೆಯನ್ನೇನೋ ಮಾಡಿದೆ. ನಿಜ ಹೇಳಬೇಕೆಂದರೆ ಅವನಿಗಾಗಿ ಕೇಳಿದ್ದಕ್ಕಿಂತ ನನ್ನ ಮಾತು ಉಳಿಸಿಕೊಡು ಎಂದು ಕೇಳಿಕೊಂಡಿದ್ದೇ ಹೆಚ್ಚು.

ಸೋಮವಾರ ಸ್ಕೂಲು ಬಿಟ್ಟ ಮೇಲೆ ಹೋದೆ. ಅವನಿಗೆ ಎಚ್ಚರವಿರಲಿಲ್ಲ, ಉಸಿರು ಗೊರಗೊರ ಎನ್ನುತ್ತಿತ್ತು. ನರ್ಸನ್ನು ಕೇಳಿದರೆ ತಲೆಯಾಡಿಸಿ, ಇನ್ನು ತುಂಬಾ ಹೊತ್ತಿಲ್ಲ ಎಂದಳು. ಹೆಂಡತಿ ನನ್ನನ್ನು ಕಂಡವಳೇ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ತಾನು ನೆಲದ ಮೇಲೆ ಕೂತು, “ನೀವ್ ಅಂದ್ಮೇಲೆ ನಂಗೆ ಧೈರ್ಯ ಬಂತು ಕಣಮ್ಮ. ನಿದ್ದೆ ಮಾಡ್ತಾವ್ರೆ, ನೋಡಿ” ಎಂದಳು. ಈಗಲೇ ಊರಿಗೆ ಕರೆದುಕೊಂಡು ಹೋಗು ತಾಯಿ, ಇನ್ನೂ ಉಸಿರಿದೆ ಎನ್ನುವ ಮಾತು ಗಂಟಲಿನ ತನಕ ಬಂತು. ದಿನಕ್ಕೆ ಆರು ಪೀರಿಯಡ್ ಬಾಯಿ ಮುಚ್ಚದೆ ಮಾತಾಡುವವಳಿಗೆ ಆ ಒಂದು ಮಾತು ಹೊರಡಲಿಲ್ಲ. ಗಂಜಿಯ ಫ್ಲಾಸ್ಕು ಅಲ್ಲಿಟ್ಟು ಬಂದೆ. ಕುಡಿಯುವವರು ಯಾರು?

ಭಾನುವಾರ ನಾನು ಕೊಟ್ಟಿದ್ದ ನಂಬರಿಗೆ ಮಂಗಳವಾರ ಬೆಳಗ್ಗೆ ಅವಳೇ ಫೋನು ಮಾಡಿದಳು. “ಅಮ್ಮಾ, ಓಗ್ಬುಟ್ರು.”

ರಜೆ ಹಾಕಿ ಓಡಿದೆ. ಆಸ್ಪತ್ರೆಯ ಹಿಂಬದಿಯಲ್ಲಿ ಗಾಡಿ ನಿಂತಿತ್ತು, ಹೆಣವನ್ನು ಒಳಗೆ ಮಲಗಿಸಿಯಾಗಿತ್ತು. ಮೈದುನ ಸ್ವಲ್ಪ ದೂರದಲ್ಲಿ ಊರಿನ ಯಜಮಾನರೊಬ್ಬರ ಜೊತೆ ಫೋನಿನಲ್ಲಿ ಅಂಗಲಾಚುತ್ತಿದ್ದ. “ಒಳಕ್ ಬ್ಯಾಡ ಯಜಮಾನ್ರೇ, ಜಗ್ಲಿ ಮ್ಯಾಲೆ ಒಂದ್ಗಳ್ಗೆ… ಅವ್ನೇ ಕಟ್ಟಿದ್ ಜಗ್ಲಿ ಕಣಣ್ಣೋ…” ಆಮೇಲೆ ಬರೀ “ಊ, ಊ” ಎಂದ. ಫೋನು ಜೇಬಿಗಿಟ್ಟು ಅತ್ತಿಗೆಯ ಕಡೆ ನೋಡಿ ಅಡ್ಡಡ್ಡ ತಲೆ ಆಡಿಸಿದ. ನನ್ನ ಕಡೆ ನೋಡಲೇ ಇಲ್ಲ. ಒಂದು ಸಲ ಬೈದಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು.

ಅವಳಿಗೆ ಕ್ಷಮೆ ಕೇಳಬೇಕೆಂದೇ ಹತ್ತಿರ ಹೋದೆ. ಅವಳು ಕೇಳಿದ್ದೇ ಬೇರೆ.

“ನಿಮ್ ಜನ ಎಂಗೆ? ಆಸ್ಪತ್ರೇಲಿ ಓದ್ರೆ ಮನೇಗ್ ತತ್ತಾರಾ?”

“ತರ್ತೀವಮ್ಮ” ಎಂದೆ. “ಎಲ್ಲೇ ತೀರ್ಕೊಂಡ್ರೂ ಮೊದ್ಲು ಮನೆಗೇ ತರೋದು.”

ಅವಳ ಕಣ್ಣು ಅರಳಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. “ಅಂಗಾರೆ ನಿಮ್ಮನೇಗ್ ಕರ್ಕೊಂಡೋಗಾಣ ಕಣಮ್ಮ. ಒಂದ್ಗಳ್ಗೆ ಸಾಕು. ಒಂದು ಸೂರಿನ್ ಕೆಳ್ಗೆ ಮಲಗ್ಸಿ, ತಲೆತಾವ ದೀಪ ಅಚ್ಚಿ, ಎತ್ಕೊಂಡೋಯ್ತೀವಿ. ಮನೆ ಕಟ್ಟೋನು ಬೀದೀಲೇ ಓದ ಅನ್ನಂಗಾಗ್ಬಾರ್ದು.”

ನಮ್ಮದು ಬಾಡಿಗೆ ಮನೆ, ಕೆಳಗೆ ಓನರಮ್ಮ ಇದ್ದಾರೆ. ಮಡಿ ಹೆಂಗಸು; ಏಕಾದಶಿ, ಶನಿವಾರ ಎಂದು ವಾರದಲ್ಲಿ ನಾಲ್ಕು ದಿನ ಏನಾದರೊಂದು ಇರುತ್ತದೆ. ಅವರ ಮಗಳ ಮದುವೆಗೆ ಇನ್ನು ಎಂಟೇ ದಿನ. ಗೇಟಿನ ಎದುರು ಚಪ್ಪರಕ್ಕೆ ಕಂಬ ನೆಟ್ಟಿದ್ದರು. ಈ ಗಾಡಿ ಹೋಗಿ ಆ ಕಂಬಗಳ ನಡುವೆ ನಿಲ್ಲುವುದು ಕಣ್ಣ ಮುಂದೆ ಬಂತು. ನಾವು ಹನ್ನೊಂದು ವರ್ಷದಿಂದ ಇರುವ ಮನೆ ಅದು, ನಮ್ಮವರಿಗೆ ಈ ಊರಿನಲ್ಲಿ ಬಾಡಿಗೆ ಮನೆ ಸಿಗುವುದು ಅಷ್ಟು ಸಲೀಸಲ್ಲ.

“ಓನರ್ ಒಪ್ಪಲ್ಲಮ್ಮ” ಎಂದೆ.

ಅವಳು ಕೈ ಬಿಡಲಿಲ್ಲ. ಬೆನ್ನ ಮೇಲೆ ತಟ್ಟಿ ನನಗೇ ಸಮಾಧಾನ ಹೇಳಿದಳು. “ಆಯ್ತು ಬುಡಿ. ನೀವಾದ್ರೂ ಏನ್ ಮಾಡೀರಿ. ಎಲ್ಲಾರೂ ಬುಟ್ರೂ ನೀವೊಬ್ರು ಬಂದ್ರಲ್ಲ.” ಆಮೇಲೆ ಗಾಡಿ ಹತ್ತಿ ಗಂಡನ ತಲೆಯ ಹತ್ತಿರ ಕೂತಳು. ಗಾಡಿ ಹೊಳೆನರಸೀಪುರದ ರಸ್ತೆಗೆ ತಿರುಗಿತು.

ನಾನು ಅಲ್ಲೇ ನಿಂತಿದ್ದೆ. ಓನರಮ್ಮ ಒಪ್ಪುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನು ಕೈಯಲ್ಲೇ ಇತ್ತು. ನಾನು ಕೇಳಲಿಲ್ಲ.