ಮೇಲಿನ ಎಂಟು ಸಾಲು

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಮೊಳಕಾಲ್ಮೂರಿನ ನೇಕಾರರ ಸಂಘವೊಂದಕ್ಕೆ ತಂತ್ರಾಂಶ ಬರೆದುಕೊಟ್ಟಿದ್ದೆ. ಗುಮಾಸ್ತರು ಎಕ್ಸೆಲ್‌ನಲ್ಲಿ ಮಗ್ಗದ ನಂಬರು, ಹೆಸರು ತುಂಬುತ್ತಾರೆ. ನನ್ನ ತಂತ್ರಾಂಶ ಡೇಟಾಬೇಸ್ ಡ್ರೈವರ್ ಎಂಬ ಸಿದ್ಧ ತಂತ್ರಾಂಶದ ಮೂಲಕ ಅದನ್ನು ಓದಿ, ಕಣ್ಣಿನ ಆಪರೇಷನ್ನಿಗೆ ಹೋಗುವವರ ಪಟ್ಟಿ ಮುದ್ರಿಸುತ್ತದೆ. ನಂಬರಿಲ್ಲದ ಸಾಲು ಬಿಟ್ಟುಬಿಡು ಎಂದು ಬರೆದವನೂ ನಾನೇ. ಮಹಾ ಬುದ್ಧಿವಂತ!

ಆ ಬೆಳಿಗ್ಗೆ ಪಟ್ಟಿ ಮುದ್ರಿಸಿಕೊಡಲು ನಾನೂ ಅಲ್ಲಿಗೆ ಹೋಗಿದ್ದೆ. ಸಂಘದ ಮುಂದೆ ಆಸ್ಪತ್ರೆಯ ಬಸ್ಸು ನಿಂತಿತ್ತು. ಹೆಸರು ಕೂಗಿ ಮುಗಿದರೂ ಒಬ್ಬ ಅಜ್ಜಿ ಬಟ್ಟೆಯ ಚೀಲ ಹಿಡಿದು ಕೆಳಗೇ ಉಳಿದಳು.

"ನಾ ಪೇರು ಲೇದಾ ಸಾಮಿ? ನನ್ನೆಸ್ರು ಇಲ್ವಾ?"

"ನಾನೇ ಬರ್ದೀನಿ, ಐತೆ!" ಎಂದು ಗುಮಾಸ್ತರು ಕಡತ ತೆರೆದು ತೋರಿಸಿದರು. ಅಲ್ಲಿತ್ತು. ಮುದ್ರಿಸಿದ ಹಾಳೆಯಲ್ಲಿ ಇರಲಿಲ್ಲ. "ಏನ್ರೀ, ನಿಮ್ ಕಂಪ್ಯೂಟರ್ ನುಂಗ್ಬಿಡ್ತಾ?"

"ಪಟ್ಟೀಲಿ ಇಲ್ದೋರ್ನ ಹತ್ತಿಸ್ಕೊಳ್ಳಂಗಿಲ್ಲ. ಕೈಲಿ ಬರ್ದಿದ್ದೂ ನಡಿಯಲ್ಲ. ಹತ್ತೇ ನಿಮಿಷ ನೋಡ್ರಿ," ಎಂದ ಆಸ್ಪತ್ರೆಯವನು.

ನಾನು ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಇಲ್ಲಿ ಅಣ್ಣತಮ್ಮಂದಿರು ಭಾಗವಾದರೂ ಹಿರಿಯರ ಮಗ್ಗದ ನಂಬರು ಬಿಡುವುದಿಲ್ಲ. ಅಣ್ಣನದು ಹದಿನಾಲ್ಕು, ತಮ್ಮನದು ಹದಿನಾಲ್ಕು-ಅ. ಅಜ್ಜಿ ತಮ್ಮನ ಹೆಂಡತಿ. 'ಅ' ಇದ್ದವಳು ಆ ಪಟ್ಟಿಯಲ್ಲಿ ಅವಳೊಬ್ಬಳೇ, ಗುಮಾಸ್ತರು ಅವಳನ್ನು ಕಟ್ಟಕಡೆಗೆ ಹಾಕಿದ್ದರು. ಈ ಹಾಳು ಡ್ರೈವರ್ ಮೇಲಿನ ಎಂಟು ಸಾಲು ನೋಡಿ, ನಂಬರಿನ ಕಾಲಮ್ಮಿನಲ್ಲಿರುವುದೆಲ್ಲ ಬರೀ ಅಂಕಿ ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಅಕ್ಷರ ಸಿಕ್ಕರೆ ತುಟಿಪಿಟಕ್ಕೆನ್ನದೆ ಖಾಲಿ ಎಂದು ಕೊಡುತ್ತದೆ. ನಂಬರಿಲ್ಲವೆಂದು ನನ್ನ ತಂತ್ರಾಂಶ ಆ ಸಾಲನ್ನೇ ಬಿಡುತ್ತದೆ. ಅನ್ನಕ್ಕಾದರೆ ಒಂದಗುಳು ಹಿಚುಕಿ ನೋಡಿದರೆ ಸಾಕು. ಮನುಷ್ಯರ ಪಟ್ಟಿಗೆ ಸಾಕೇ? ಅಂಕಿ ಅಕ್ಷರ ಬೆರೆತಿದ್ದರೆ ಅಕ್ಷರವೆಂದೇ ಓದು ಎಂದು ನಾನು ಹೇಳಿಟ್ಟಿದ್ದೆನಾದರೂ, ಬೆರೆತದ್ದು ಆ ಎಂಟು ಸಾಲಿನೊಳಗೇ ಕಾಣಬೇಕಿತ್ತು.

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅಜ್ಜಿಯ ಸಾಲನ್ನು ಕತ್ತರಿಸಿ ಎಲ್ಲರಿಗಿಂತ ಮೇಲೆ ಅಂಟಿಸಿದೆ. ಮತ್ತೆ ಓದಿಸಿದೆ. ಬಂತು! ಹಾಳೆ ಹಿಡಿದು ಓಡಿದೆ.

"ಮೊದಲ್ನೇ ಹೆಸ್ರೇ ನಿಂದು ಅಜ್ಜಿ, ಹತ್ತು!"

ಅವಳು ನನ್ನ ಮುಖ ತಡವಿ ನೆಟಿಗೆ ಮುರಿದಳು. "ನೀ ತಣ್ಣಗಿರಪ್ಪ. ಹೋದ್ ವರ್ಸಾನೂ ಬಂದಿದ್ದೆ. ಹೆಸ್ರಿಲ್ಲ ಅಂದ್ರು, ಪಾಳಿ ಬಂದಿಲ್ಲ ಅನ್ಕಂಡು ಸುಮ್ಕೆ ಹೋದೆ. ಆಗ ಈ ಕಣ್ಣಾಗೆ ಇನ್ನೂ ಎಳೆ ಕಾಣ್ತಿತ್ತು."

ಹೋದ ವರ್ಷದ ಪಟ್ಟಿಯನ್ನು ಓದಿದ್ದೂ ನನ್ನ ತಂತ್ರಾಂಶವೇ. ನಾನು ಅವಳ ಕೈಹಿಡಿದು ಬಸ್ಸಿಗೆ ಹತ್ತಿಸಿದೆ.