ಒಂಟೆ ಹೊಡೆದವನ ಗೋರಿಗೆ

ಅಮೆರಿಕದ ಪೌರತ್ವ ಪರೀಕ್ಷೆಗೆಂದು ನಾನು ನೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದೆ. ಅಧಿಕಾರಿ ಕೇಳಿದ್ದು ಕೆಲವನ್ನು ಮಾತ್ರ. ಮಿಕ್ಕವನ್ನು ಪಾರ್ಕಿಂಗ್ ಲಾಟ್ ತಲುಪುವಷ್ಟರಲ್ಲಿ ಮರೆತೆ. ಈ ದೇಶದ ಚರಿತ್ರೆಗೂ ನನಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದೆ. ಆ ನೂರರಲ್ಲಿ ಒಂಟೆಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ ಎನ್ನುವುದು ನನ್ನ ಅಜ್ಞಾನಕ್ಕೆ ನಾನು ಕೊಡುವ ಸಮಜಾಯಿಷಿ.

ಸ್ಯಾನ್ ಪೀಡ್ರೊ ಬಂದರಿನಲ್ಲಿ ಕಂಟೇನರ್‌ಗಳ ಕಾಗದಪತ್ರ ನೋಡುವುದು ನನ್ನ ಕೆಲಸ. ಹೋದ ವರ್ಷ ಮೈಸೂರಿನಿಂದ ಅಮ್ಮಿ ಬಂದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಬರ್ಬ್ಯಾಂಕಿಗೆ ಕರೆದೊಯ್ದು ಸಿನಿಮಾ ಸ್ಟುಡಿಯೋ ತೋರಿಸಿದೆ. ಕೂತಲ್ಲೇ ನಿದ್ದೆ ಮಾಡಿದರು. ಸ್ಯಾನ್ ಡಿಯಾಗೋದ ಮೃಗಾಲಯಕ್ಕೆ ಕರೆದೊಯ್ದರೆ, “ಮೈಸೂರಲ್ಲೂ ಇದ್ಯಲ್ಲೋ” ಅಂದರು. ಇನ್ನೇನೂ ತೋಚದೆ, ಬಂದರಿನ ಪಕ್ಕದ ಹಳೆಯ ಸೇನಾ ಶಿಬಿರದ ಮ್ಯೂಸಿಯಂಗೆ ಹೊರಟೆ. ನಾನು ದಿನವೂ ಅದರ ಮುಂದೆಯೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಜೊತೆಗೆ ಹದಿನೈದು ವರ್ಷದ ಮಗಳು ಹಾನಿ, ಒಲ್ಲದ ಮನಸ್ಸಿನಿಂದ.

ಅಲ್ಲಿನ ಗೋಡೆಯ ಮೇಲೆ ಒಂಟೆಯ ಚಿತ್ರವಿತ್ತು. ಅಮ್ಮಿ ಅದರ ಮುಂದೆ ನಿಂತುಬಿಟ್ಟರು. ಗೈಡ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ.

ರೈಲು ಬರುವುದಕ್ಕೆ ಮುಂಚಿನ ಮಾತು. ಮರುಭೂಮಿ ದಾಟಿ ಸಾಮಾನು ಸಾಗಿಸಲು ಅಮೆರಿಕದ ಸೈನ್ಯ ಹಡಗಿನಲ್ಲಿ ಒಂಟೆಗಳನ್ನು ತರಿಸಿತು. ಒಂಟೆಗಳ ಜೊತೆ ಅವನ್ನು ಬಲ್ಲ ಕೆಲವರೂ ಬಂದರು. ಅವರಲ್ಲೊಬ್ಬ, ಮೆಕ್ಕಾ ಯಾತ್ರೆ ಮುಗಿಸಿದ ಹಾಜಿ. ಸಿಪಾಯಿಗಳ ಬಾಯಲ್ಲಿ ಅವನ ಹೆಸರು ಏನೋ ತಮಾಷೆಯ ಇಂಗ್ಲಿಷ್ ಪದವಾಯಿತು. ಆಫೀಸಿನಲ್ಲಿ ಜಮೀರುಲ್ಲಾ ಹೋಗಿ ಜಿಮ್ಮಿಯಾಗಿರುವ ನಾನು ಆ ವಾಕ್ಯವನ್ನು ಸ್ವಲ್ಪ ಬೇಗನೆ ಅನುವಾದಿಸಿ ಮುಂದೆ ಹೋದೆ. ಒಂಟೆಗಳು ಸೊಗಸಾಗಿಯೇ ಕೆಲಸ ಮಾಡಿದವು. ಆದರೆ ಅವುಗಳ ವಾಸನೆಗೆ ಕುದುರೆಗಳು ಬೆದರಿದವು, ಸಿಪಾಯಿಗಳು ಬೈದರು. ಅಷ್ಟರಲ್ಲಿ ಅಂತರ್ಯುದ್ಧ ಬಂತು. ಒಂಟೆಗಳನ್ನು ಹರಾಜು ಹಾಕಿದರು, ಕೆಲವು ಮರುಭೂಮಿಯ ಪಾಲಾದವು. ಹಾಜಿ ಮಾತ್ರ ವಾಪಸು ಹೋಗಲಿಲ್ಲ. ಒಮ್ಮೆ ಲಾಸ್ ಏಂಜಲೀಸಿನಲ್ಲಿ ನಡೆದ ಪಿಕ್ನಿಕ್ಕಿಗೆ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕರೆದರಂತೆ. ಅವನು ಗಾಡಿಗೆ ಎರಡು ಒಂಟೆ ಕಟ್ಟಿ ನೇರ ಪಿಕ್ನಿಕ್ಕಿನ ನಡುವೆ ನುಗ್ಗಿಸಿದನಂತೆ. ಕುದುರೆಗಳೂ ಅತಿಥಿಗಳೂ ದಿಕ್ಕಾಪಾಲು.

“ಹಿ ವಾಸ್ ಸೋ ಪೆಟ್ಟಿ!” ಹಾನಿ ನಕ್ಕಳು. ಬೆಳಗಿನಿಂದ ಅವಳಾಡಿದ ಮೊದಲ ಮಾತು.

“ಏನಂದ್ಲು?” ಅಮ್ಮಿ ಕೇಳಿದರು.

“ಸಣ್ಣ ಬುದ್ಧಿಯೋನು ಅಂತ.”

“ಕರೀದೇ ಇದ್ದೋರದ್ದು ಸಣ್ಣ ಬುದ್ಧಿ,” ಅಂದರು ಅಮ್ಮಿ. “ಮೂವತ್ತು ವರ್ಷ ರಾಜರ ಪಾಠವನ್ನೇ ಮಾಡಿದೆ ನೋಡು. ಇವನನ್ನ ಎಲ್ಲಿ ಮಣ್ಣು ಮಾಡಿದ್ರಂತೆ?”

ಹಾನಿ ಫೋನಿನಲ್ಲಿ ಹುಡುಕಿದಳು. ಅರಿಜೋನಾದ ಗಡಿ ದಾಟಿದರೆ ಸಿಗುವ ಚಿಕ್ಕ ಊರು. ನಾಲ್ಕು ಗಂಟೆಯ ದಾರಿ. ಶನಿವಾರ ಹೊರಟೆವು. ಅಮ್ಮಿ ನಮ್ಮ ಹಿತ್ತಲಿನ ಗುಲಾಬಿಯನ್ನೆಲ್ಲ ಕಿತ್ತು ಒಂದು ಡಬ್ಬಿಯಲ್ಲಿ ತುಂಬಿಸಿದ್ದರು.

ಬೋಳು ಬಯಲಿನ ಸ್ಮಶಾನದಲ್ಲಿ ಬಣ್ಣಬಣ್ಣದ ಕಲ್ಲಿನ ಪುಟ್ಟ ಪಿರಮಿಡ್. ತುದಿಯಲ್ಲಿ ಲೋಹದ ಒಂಟೆ. ಅಮ್ಮಿ ದಳಗಳನ್ನು ಹರಡಿ, ಫಾತಿಹಾ ಪ್ರಾರ್ಥನೆ ಓದು ಎಂದರು. ನಾನು ಅನುಮಾನಿಸಿದೆ. ಆತ ಪೌರತ್ವ ಪಡೆಯುವಾಗ ಕ್ರೈಸ್ತ ಹೆಸರು ಹೇಳಿದ್ದನಂತೆ. ಕೊನೆಗೆ ಯಾವ ಧರ್ಮದಲ್ಲಿದ್ದನೋ ಖಚಿತವಿಲ್ಲ.

“ಅದು ಮೇಲಿರೋನಿಗೆ ಗೊತ್ತಿರುತ್ತೆ. ನೀನು ಓದು. ನಿಮ್ಮ ಅಬ್ಬಾಗೂ ಸೇರಿಸಿ ಓದು.”

ಅಬ್ಬಾ ತೀರಿಕೊಂಡದ್ದು ಕೋವಿಡ್ ಕಾಲದಲ್ಲಿ. ವಿಮಾನ ನಿಂತಿತ್ತು. ಅವರನ್ನು ಮಣ್ಣಿಗಿಡುವುದನ್ನು ನಾನು ಅಂಗೈಯಗಲದ ಫೋನಿನಲ್ಲಿ ನೋಡಿದ್ದೆ. ನಡುವೆ ಚಿತ್ರ ಎರಡು ಸಲ ನಿಂತೂಹೋಗಿತ್ತು. ಆಮೇಲೆ ಊರಿಗೆ ಹೋದಾಗ ಏನೋ ನೆಪ ಹೇಳಿ ಗೋರಿಯ ಕಡೆ ಹೋಗಿರಲಿಲ್ಲ. ಅಮ್ಮಿ ಒಂದು ದಿನವೂ ಕೇಳಿರಲಿಲ್ಲ. ಈಗಲೂ ಏನೂ ಕೇಳಲಿಲ್ಲ; ಕೈಯೆತ್ತಿ ಕಾದರು, ಅಷ್ಟೆ. ಓದಿದೆ. ಹಾನಿ ನನ್ನ ತೋಳು ಹಿಡಿದುಕೊಂಡಳು.

ಅಷ್ಟು ದೂರದಲ್ಲಿ ಮುದುಕನೊಬ್ಬ ಟೋಪಿ ತೆಗೆದು ನಿಂತಿದ್ದ. ನಾವು ಮುಗಿಸಿದ ಮೇಲೆ ಹತ್ತಿರ ಬಂದು, ಇವರು ನಿಮಗೆ ಗೊತ್ತಿದ್ದವರೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮಿ, “ಯೆಸ್” ಎಂದುಬಿಟ್ಟರು.

ಕಾರಿನಲ್ಲಿ ಕೇಳಿದೆ: “ಏನಮ್ಮಿ, ಅವನು ಸತ್ತು ನೂರು ವರ್ಷದ ಮೇಲಾಯ್ತು. ನಿಮಗೆ ಹೇಗೆ ಗೊತ್ತು?”

ಅಮ್ಮಿ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡರು.

“ಗೊತ್ತಿಲ್ಲದೋರನ್ನ ನೋಡಕ್ಕೆ ಯಾರಾದ್ರೂ ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು ಬರ್ತಾರೇನೋ?”